ಕೇಳುವುದೇ ತಪ್ಪಾದ ಮನೆಯಲ್ಲಿ

"ನಂದು ಆಪರೇಷನ್ ಆಗ್ಯಾದ್ರಿ ಅಕ್ಕಾ, ಮತ್ಯಾಕ ಬೇಕು ಅದು?"

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆ ಕಾಂಡೋಮ್ ಮಾತು ತೆಗೆದರೆ ಮದುವೆಯಾದ ಹೆಣ್ಣುಮಕ್ಕಳಿಂದ ಬರುವ ಉತ್ತರ ಬಹಳಮಟ್ಟಿಗೆ ಇಂಥದ್ದೇ. ಅವರ ತಪ್ಪೇನೂ ಇಲ್ಲ. ನಾವು ಅವರಿಗೆ ಹೇಳಿಕೊಟ್ಟಿದ್ದೇ ಅಷ್ಟು. 1968ರಲ್ಲಿ ನಿರೋಧ್ ಬಂದಂದಿನಿಂದ ಗೋಡೆಬರಹ, ರೇಡಿಯೊ, ದವಾಖಾನೆಯ ಚಾರ್ಟು ಎಲ್ಲವೂ ಅದನ್ನು ಮಕ್ಕಳ ಲೆಕ್ಕಕ್ಕೇ ಕಟ್ಟಿಹಾಕಿದವು. ಮಕ್ಕಳು ಸಾಕು ಅನಿಸಿದ ದಿನ ಆಪರೇಷನ್. ಅಲ್ಲಿಗೆ ಆ ಮಾತು ಮುಗಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಗಂಡಸರಲ್ಲಿ ಅದನ್ನು ಮಾಡಿಸಿಕೊಂಡವರು ಇಲ್ಲವೆನ್ನುವಷ್ಟು ಕಡಿಮೆ. ಇಪ್ಪತ್ತೈದರ ಆಸುಪಾಸಿನಲ್ಲೇ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ಹೆಣ್ಣುಮಗಳ ಮುಂದೆ ಇನ್ನೂ ಇಪ್ಪತ್ತು ವರ್ಷದ ದಾಂಪತ್ಯ ಇರುತ್ತದೆ.

ಆಪರೇಷನ್ ಗರ್ಭ ತಡೆಯುತ್ತದೆ. ಎಚ್‌ಐವಿಗೆ ಅದು ಅಡ್ಡ ಬರುವುದಿಲ್ಲ. ಇಷ್ಟು ಹೇಳಿದರೆ ಯಾರಿಗಾದರೂ ತಿಳಿಯುತ್ತದೆ. ತಿಳಿದ ಮೇಲೆ ಆಕೆ ಏನು ಮಾಡಬೇಕು ಎಂಬುದು ಕಷ್ಟದ ಪ್ರಶ್ನೆ. ಆಪರೇಷನ್ ಆಗುವ ಮುಂಚೆ "ಬಸುರಾದೀನು" ಎಂಬ ನೆಪವಾದರೂ ಆಕೆಗಿತ್ತು. ಯಾರ ಮನಸ್ಸೂ ನೋಯದಂತೆ, ಯಾರ ಶೀಲವನ್ನೂ ಕೆದಕದಂತೆ ಗಂಡನಿಗೆ ಕಾಂಡೋಮ್ ಬಳಸು ಎನ್ನಲು ಇದ್ದ ದಾರಿ ಅದೊಂದೇ. ಅದು ಮುಚ್ಚಿದ ಮೇಲೆ ಆಕೆ ಬಾಯಿ ಬಿಟ್ಟರೆ ಮನೆಯಲ್ಲಿ ಹುಟ್ಟುವುದು ಎರಡೇ ಪ್ರಶ್ನೆ: "ನನ್ನ ಮ್ಯಾಲ ಸಂಶಯ ಏನು?" ಇಲ್ಲವೇ, "ನೀ ಎಲ್ಲಿಗೆ ಹೋಗಿದ್ದಿ?" ತನ್ನ ಜೀವ ಕಾಪಾಡಿಕೊಳ್ಳುವ ಮಾತು ಗಂಡನ ಮೇಲಿನ ಫಿರ್ಯಾದಿಯಾಗಿಯೋ ತನ್ನ ಮೇಲಿನ ತಪ್ಪೊಪ್ಪಿಗೆಯಾಗಿಯೋ ತಿರುಗಿಬಿಡುತ್ತದೆ. ಇಂಥ ಮನೆಯ ಹೆಣ್ಣುಮಗಳಿಗೆ "ಎಚ್ಚರವಾಗಿರು" ಎಂದು ಉಪದೇಶ ಮಾಡಿ ಬಂದರೆ ನಮ್ಮ ಕೆಲಸ ಮುಗಿಯಿತೆಂದು ನನಗೆ ಅನಿಸುವುದಿಲ್ಲ.

ದೇಶದಲ್ಲಿ ಇಂದು ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ. ಅವರಲ್ಲಿ ಶೇ. 44ರಷ್ಟು ಮಹಿಳೆಯರು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಸೆಲ್ಲಪ್ಪನ್ ನಿರ್ಮಲಾ ಅವರು ಮೊದಲ ಸೋಂಕುಗಳನ್ನು ಪತ್ತೆಮಾಡಿದ್ದು ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿಗಳಲ್ಲಿ. ಅಂದಿನಿಂದ ಜನರ ಮನಸ್ಸಿನಲ್ಲಿ ಈ ರೋಗಕ್ಕೆ ಒಂದು ಮುಖ ಕೂತುಬಿಟ್ಟಿತು: ಅದು 'ಅಂಥವರ' ರೋಗ, ಲಾರಿಯವರ ರೋಗ, ನಮ್ಮ ಮನೆಯದಲ್ಲ. ಅದೇ ಸುನೀತಿ ಸಾಲೊಮನ್ ಕಟ್ಟಿದ ವೈ.ಆರ್.ಜಿ. ಕೇರ್ ಸಂಸ್ಥೆಗೆ ಬಂದ ಸೋಂಕಿತ ಮಹಿಳೆಯರ ಬಗ್ಗೆ 2000ದಲ್ಲಿ ಪ್ರಕಟವಾದ ಅಧ್ಯಯನ ಬೇರೆಯದನ್ನೇ ಹೇಳಿತು. ಅವರಲ್ಲಿ ಬಹುಪಾಲು ಗೃಹಿಣಿಯರು. ಗಂಡನೊಬ್ಬನನ್ನು ಬಿಟ್ಟು ಇನ್ನೊಬ್ಬರನ್ನು ಅರಿಯದವರು. ಅವರ ಪಾಲಿಗೆ ಸೋಂಕು ಬಂದದ್ದು ಮದುವೆಯ ದಾರಿಯಲ್ಲೇ. ಪಾತಿವ್ರತ್ಯ ಅವರನ್ನು ಕಾಯಲಿಲ್ಲ. ಗಂಡಿನಿಂದ ಹೆಣ್ಣಿಗೆ ಸೋಂಕು ದಾಟುವ ಸಂಭವ ಹೆಣ್ಣಿನಿಂದ ಗಂಡಿಗೆ ದಾಟುವುದಕ್ಕಿಂತ ಹೆಚ್ಚು ಎಂಬುದನ್ನೂ ಇದಕ್ಕೆ ಸೇರಿಸಿ ನೋಡಬೇಕು.

ಕಾಗಿಣಾ ನದಿಯ ದಂಡೆಯ ಈ ಸೀಮೆಯ ಬದುಕು ಗಂಡಸನ್ನು ಮನೆಯಲ್ಲಿ ನಿಲ್ಲಗೊಡುವುದಿಲ್ಲ. ಸೇಡಂ, ಮಳಖೇಡ, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟ್ ಹೊರುವ ಲಾರಿಗಳ ಸಾಲು ಹಗಲು ರಾತ್ರಿ ಹರಿಯುತ್ತಲೇ ಇರುತ್ತದೆ. ವಾಡಿ ಜಂಕ್ಷನ್‌ನಲ್ಲಿ ಮುಂಬಯಿ–ಚೆನ್ನೈ ಮಾರ್ಗದಿಂದ ಸಿಕಂದರಾಬಾದಿನ ದಾರಿ ಕವಲೊಡೆಯುತ್ತದೆ. ಶಹಾಬಾದಿನ ಕಲ್ಲು ಎಷ್ಟೋ ಊರುಗಳ ಮನೆಗಳಿಗೆ ನೆಲವಾಗಿದೆ. ಅದನ್ನು ಕಡಿದವರ ಮನೆಗಳಲ್ಲಿ ಮಾತ್ರ ವರ್ಷವಿಡೀ ಕೂಲಿಯ ಭರವಸೆ ಇಲ್ಲ. ಅಲ್ಲಿಯ ಹಳೆಯ ಸಿಮೆಂಟ್ ಕಾರ್ಖಾನೆ ನಿಂತ ಮೇಲೆ ಎಷ್ಟೋ ಜನ ಬೇರೆ ಊರಿನ ದಾರಿ ಹಿಡಿದರು. ಚಿಂಚೋಳಿಯ ತಾಂಡಾಗಳಿಂದ ತೊಗರಿ ರಾಶಿ ಮುಗಿದದ್ದೇ ತಡ ಹೈದರಾಬಾದು, ಪುಣೆ, ಮುಂಬಯಿಗೆ ಗುಳೆ ಹೊರಡುತ್ತಾರೆ. ಕೆಲವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಾರೆ, ಕೆಲವರು ಒಬ್ಬರೇ. ದುಡಿಯಲು ಹೋದವರನ್ನೆಲ್ಲ ಅನುಮಾನದಿಂದ ನೋಡುವುದು ದೊಡ್ಡ ಅನ್ಯಾಯ. ಬಹುತೇಕರು ಹೋದ ಹಾಗೆಯೇ ಬರುತ್ತಾರೆ, ಬೆನ್ನುನೋವನ್ನೂ ನಾಲ್ಕು ಕಾಸನ್ನೂ ತರುತ್ತಾರೆ. ಆದರೆ ಊರು ಬಿಟ್ಟು ತಿಂಗಳುಗಟ್ಟಲೆ ಕಾರ್ಮಿಕರ ಶೆಡ್ಡಿನಲ್ಲಿ ಬದುಕುವವನಿಗೆ ಸೋಂಕು ತಗಲುವ ಸಾಧ್ಯತೆ ಹೆಚ್ಚು, ತನಗೆ ತಗಲಿದೆ ಎಂದು ಅವನಿಗೇ ಗೊತ್ತಾಗುವ ಸಾಧ್ಯತೆ ಕಡಿಮೆ. ಎಚ್‌ಐವಿ ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರಿಸದೆ ಇರಬಲ್ಲದು. ಹಬ್ಬಕ್ಕೆ ಊರಿಗೆ ಬಂದ ಗಂಡ ಸುಳ್ಳು ಹೇಳುತ್ತಿದ್ದಾನೆ ಎಂದೇನೂ ಅಲ್ಲ. ಅವನಿಗೂ ತಿಳಿದಿರುವುದಿಲ್ಲ.

ಮೊದಲು ತಿಳಿಯುವುದು ಅನೇಕ ಸಲ ಆಕೆಗೇ. ಬಸುರಿಯರಿಗೆಲ್ಲ ತಾಲೂಕು ದವಾಖಾನೆಯಲ್ಲಿ ರಕ್ತಪರೀಕ್ಷೆ ಮಾಡುತ್ತಾರೆ, ಅದರಲ್ಲಿ ಎಚ್‌ಐವಿ ಪರೀಕ್ಷೆಯೂ ಸೇರಿದೆ. ಇದು ಒಳ್ಳೆಯ ಕ್ರಮ, ಎಷ್ಟೋ ಕೂಸುಗಳು ಇದರಿಂದ ಸೋಂಕಿಲ್ಲದೆ ಹುಟ್ಟಿವೆ. ಆದರೆ ಮನೆಯಲ್ಲಿ ಮೊದಲು ಪರೀಕ್ಷೆಯಾದವಳು ಸೊಸೆ. ಕಾಗದದ ಮೇಲೆ ಮೊದಲು ಬಂದ ಹೆಸರು ಅವಳದು. ಹಾಗಾಗಿ ರೋಗ ತಂದವಳೂ ಅವಳೇ ಎಂದು ಮನೆಮಂದಿ ತೀರ್ಮಾನಿಸಿಬಿಡುತ್ತಾರೆ. ಗಂಡ ಪರೀಕ್ಷೆಗೆ ಬಾರದೆ ತಿಂಗಳುಗಳು ಕಳೆಯುತ್ತವೆ. ಆಕೆ ಅಷ್ಟರಲ್ಲಿ ತವರಿನಲ್ಲಿರುತ್ತಾಳೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಆಕೆಯ ಗುಟ್ಟನ್ನು ಕಾಯುವುದಲ್ಲದೆ, ಗಂಡನ ಮನೆಯಲ್ಲಿ ಉಳಿಯುವ ಹಕ್ಕನ್ನೂ ಕೊಟ್ಟಿದೆ. ಆ ಕಾಯ್ದೆಯ ಹೆಸರು ಕೇಳಿದ ಅತ್ತೆಮಾವಂದಿರು ಎಷ್ಟು ಜನ ಇದ್ದಾರು?

ಮಹಿಳಾ ಕಾಂಡೋಮಿನ ಮಾತನ್ನು ನಾನು ಈ ಹಿನ್ನೆಲೆಯಲ್ಲಿ ಎತ್ತುತ್ತೇನೆ. ಹೆಣ್ಣೇ ತನ್ನ ಕೈಯಾರೆ ಹಾಕಿಕೊಳ್ಳಬಹುದಾದ, ಗರ್ಭವನ್ನೂ ಎಚ್‌ಐವಿಯನ್ನೂ ಒಟ್ಟಿಗೆ ತಡೆಯುವ ಸಾಧನ ಇವತ್ತಿಗೂ ಇದೊಂದೇ. ಡೆನ್ಮಾರ್ಕಿನ ವೈದ್ಯ ಲಾಸೆ ಹೆಸೆಲ್ 1980ರ ದಶಕದಲ್ಲಿ ರೂಪಿಸಿದ್ದು, 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಮೊದಲಿನದು ಗಟ್ಟಿ ಪ್ಲಾಸ್ಟಿಕ್ಕಿನದು, ಸರಬರ ಸದ್ದು ಮಾಡುತ್ತಿತ್ತು, ಬೆಲೆಯೂ ಜಾಸ್ತಿ. ಆಮೇಲೆ ಬಂದ ನೈಟ್ರೈಲ್‌ನದು ಮೆತ್ತಗಿದೆ, ಸದ್ದಿಲ್ಲ.

ಕೈಯಲ್ಲಿ ಹಿಡಿದು ನೋಡಿದವರು ಕಡಿಮೆ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೈಟ್ರೈಲ್‌ನದು ಸುಮಾರು 17 ಸೆಂಟಿಮೀಟರ್ ಉದ್ದದ ತೆಳ್ಳನೆಯ ಚೀಲ, ಎರಡು ಉಂಗುರ. ಮುಚ್ಚಿದ ತುದಿಯಲ್ಲಿರುವ ಸಣ್ಣ ಉಂಗುರ ಒಳಗೆ ಸಡಿಲವಾಗಿ ಓಡಾಡುತ್ತದೆ. ತೆರೆದ ಬಾಯಿಗೆ ಅಂಟಿಕೊಂಡಿರುವ ದೊಡ್ಡ ಉಂಗುರ ಹೊರಗೇ ಉಳಿಯಬೇಕು. ಒಳ ಉಂಗುರವನ್ನು ಹೆಬ್ಬೆರಳು ತೋರುಬೆರಳ ನಡುವೆ ಅದುಮಿ ಕಿರಿದು ಮಾಡಿ, ಕುಕ್ಕರಗಾಲಲ್ಲಿ ಕೂತೋ ಒಂದು ಕಾಲನ್ನು ಎತ್ತರಕ್ಕೆ ಇಟ್ಟೋ ಯೋನಿಯೊಳಗೆ ಸೇರಿಸಿ, ಬೆರಳಿನಿಂದ ಹೋಗುವಷ್ಟು ದೂರ ಒಳಕ್ಕೆ ದೂಡಬೇಕು. ಚೀಲ ತಿರುಚಿಕೊಂಡಿರಬಾರದು. ಹೊರ ಉಂಗುರ ಯೋನಿಯ ಬಾಯಿಯನ್ನು ಸುತ್ತಲೂ ಮುಚ್ಚುತ್ತದೆ. ಆರಂಭದಲ್ಲಿ ಶಿಶ್ನ ಚೀಲದ ಒಳಗೇ ಹೋಗುವಂತೆ ಕೈಯಿಂದ ದಾರಿ ತೋರಿಸಬೇಕು. ಚೀಲದ ಪಕ್ಕದಿಂದ ಜಾರಿದರೆ ಹಾಕಿಕೊಂಡೂ ಪ್ರಯೋಜನವಿಲ್ಲ. ಮುಗಿದ ಮೇಲೆ ಏಳುವ ಮೊದಲೇ ಹೊರ ಉಂಗುರವನ್ನು ತಿರುಚಿ ಮೆಲ್ಲಗೆ ಎಳೆದು, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಬೇಕು, ಪಾಯಖಾನೆಗೆ ಹಾಕಬಾರದು. ಒಂದನ್ನು ಒಂದೇ ಸಲ ಬಳಸಬೇಕು. ಗಂಡಸು ಕಾಂಡೋಮ್ ಹಾಕಿದ್ದರೆ ಇದು ಬೇಡ. ಎರಡೂ ಒಂದಕ್ಕೊಂದು ಉಜ್ಜಿ ಜರುಗುತ್ತವೆ, ಹರಿಯಲೂಬಹುದು.

ಇದರ ಒಂದು ಗುಣ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಸಂಭೋಗಕ್ಕೆ ಎಂಟು ತಾಸು ಮುಂಚೆಯೇ ಹಾಕಿಕೊಂಡಿರಬಹುದು. ಗಂಡ ಕುಡಿದು ಬರುವ ಮನೆಯಲ್ಲಿ ಇದರ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆ ಹೊತ್ತಿನಲ್ಲಿ ಅವನನ್ನು ಒಪ್ಪಿಸುವುದು, ಹುಡುಕುವುದು, ತಡಿ ಎನ್ನುವುದು ಯಾವುದೂ ಆಗದ ಮಾತು. ರೊಟ್ಟಿ ಬಡಿದಿಟ್ಟು, ಮಕ್ಕಳನ್ನು ಮಲಗಿಸಿ, ಮನೆ ಶಾಂತವಾಗಿರುವಾಗಲೇ ಆಕೆ ತನ್ನ ಸಿದ್ಧತೆ ತಾನು ಮಾಡಿಕೊಂಡಿರಬಹುದು.

ಇದನ್ನು ಮಂತ್ರದಂಡ ಅಂತಲೂ ಹೇಳಬಾರದು. ವರ್ಷವಿಡೀ ಸರಿಯಾಗಿ ಬಳಸಿದರೆ 100 ಹೆಂಗಸರಲ್ಲಿ 5 ಮಂದಿ ಗರ್ಭಿಣಿಯಾಗುತ್ತಾರೆ; ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಲೆಕ್ಕ ಹಾಕಿದರೆ ಅದು 21ಕ್ಕೆ ಏರುತ್ತದೆ. ಗಂಡಸಿನ ಕಾಂಡೋಮಿಗೆ ಇದೇ ಲೆಕ್ಕ 2 ಮತ್ತು 13. ಕಲಿತವರಿಗೂ ಕಲಿಯದವರಿಗೂ ಇಷ್ಟು ಅಂತರ ಇರುವುದರಿಂದಲೇ ಇದನ್ನು ಕೈಗೆ ಕೊಟ್ಟು ಕಳಿಸಿದರೆ ಸಾಲದು. ಮೊದಲೆರಡು ಸಲ ಜಾರುತ್ತದೆ, ಕಿರಿಕಿರಿಯಾಗುತ್ತದೆ, ಇದು ನನ್ನಿಂದಾಗದು ಅನಿಸುತ್ತದೆ. ಆಗ ಪಕ್ಕದಲ್ಲಿ ಕೂತು, "ಹಂಗಲ್ಲ ತಂಗಿ, ಹಿಂಗ" ಎಂದು ಮುಷ್ಟಿ ಕಟ್ಟಿ ಆ ಮುಷ್ಟಿಯೊಳಗೆ ಹಾಕಿ ತೋರಿಸುವ ಇನ್ನೊಬ್ಬ ಹೆಂಗಸು ಬೇಕು. ಗುಟ್ಟಾಗಿ ಬಳಸಬಹುದು ಎಂದು ಹೇಳುವುದೂ ಪ್ರಾಮಾಣಿಕವಲ್ಲ. ಹೊರ ಉಂಗುರ ಗಂಡನಿಗೆ ಕಾಣುತ್ತದೆ, ಕೈಗೆ ತಾಗುತ್ತದೆ. ಏನಾದರೊಂದು ಮಾತು ಆಡಲೇಬೇಕಾಗುತ್ತದೆ. ಆದರೂ "ನೀನು ಹಾಕಿಕೋ" ಎಂದು ಬೇಡುವುದಕ್ಕೂ "ನಾನು ಹಾಕಿಕೊಂಡಿದ್ದೇನೆ" ಎಂದು ತಿಳಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯ ಮಾತಿನಲ್ಲಿ ಅವನು ಮಾಡಬೇಕಾದದ್ದು ಏನೂ ಇಲ್ಲ, ಒಪ್ಪಿದರೆ ಸಾಕು.

ಇಷ್ಟಾದರೂ ಒಂದು ಅಳುಕು ಉಳಿಯುತ್ತದೆ, ಅದನ್ನು ಮುಚ್ಚಿಡಲಾರೆ. ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳುವವಳು ಆಕೆ, ಕಾಪರ್ ಟಿ ಹಾಕಿಸಿಕೊಳ್ಳುವವಳು ಆಕೆ, ಮಾತ್ರೆ ನುಂಗುವವಳು ಆಕೆ. ಈಗ ಗಂಡನ ನಡತೆಯಿಂದ ಬರಬಹುದಾದ ರೋಗಕ್ಕೂ ಆಕೆಯೇ ತಡೆ ಹಾಕಿಕೊಳ್ಳಬೇಕೆ? ಗಂಡಸನ್ನು ಹೊಣೆಯಿಂದ ಬಿಡಿಸಲು ಇನ್ನೊಂದು ಸಾಧನ ಹುಡುಕಿಕೊಟ್ಟ ಹಾಗಾಗುವುದಿಲ್ಲವೆ? ಈ ಪ್ರಶ್ನೆ ನ್ಯಾಯವಾದದ್ದು. ಆದರೆ ಗಂಡಸು ಬದಲಾಗುವವರೆಗೆ ಹೆಣ್ಣು ಬರಿಗೈಯಲ್ಲಿ ಕಾಯಲಿ ಎಂದು ಹೇಳುವ ಅಧಿಕಾರ ನ್ಯಾಯದ ಮಾತಾಡುವ ನಮಗಿಲ್ಲ. ಅವನ ಹೊಣೆಯ ಮಾತನ್ನು ಕಾರ್ಖಾನೆಯ ಗೇಟಿನ ಮುಂದೆ, ಲಾರಿ ನಿಲ್ದಾಣದಲ್ಲಿ, ಗುಳೆ ಹೊರಡುವ ಬಸ್ಸಿನಲ್ಲಿ ಅವನಿಗೇ ಹೇಳಬೇಕು. ಊರಿಗೆ ಮರಳಿದ ಕೂಡಲೇ ಪರೀಕ್ಷೆ ಮಾಡಿಸಿಕೊಳ್ಳುವುದು ಮನೆಮಂದಿಯ ಮೇಲಿನ ಪ್ರೀತಿ ಎಂದು ಅವನಿಗೆ ಅರ್ಥವಾಗಬೇಕು. 2004ರ ಏಪ್ರಿಲ್‌ನಿಂದ ಸರಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎ.ಆರ್.ಟಿ. ಮಾತ್ರೆಗಳನ್ನು ಪುಕ್ಕಟೆ ಕೊಡುತ್ತಿದೆ. ಬಿಡದೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಅವನಿಂದ ಹೆಂಡತಿಗೆ ಸಂಭೋಗದ ಮೂಲಕ ಸೋಂಕು ದಾಟುವುದಿಲ್ಲ. ಇದು ದೊಡ್ಡ ಸಮಾಧಾನದ ಸುದ್ದಿ. ಆದರೆ ಪರೀಕ್ಷೆಗೆ ಬಂದವನಿಗೆ ಮಾತ್ರ. ಬಾರದವನ ಹೆಂಡತಿಗೆ ಇವತ್ತು ರಾತ್ರಿಗೇ ಏನಾದರೂ ಬೇಕು.

ಹೆಂಡತಿ ಹಾಸಿಗೆಯಲ್ಲಿ ಷರತ್ತು ಹಾಕುವುದೆಂದರೆ ಏನು ಎಂದು ಹುಬ್ಬೇರಿಸುವವರು ನಮ್ಮ ಈ ಸೀಮೆಯಲ್ಲಿ ಇದ್ದಾರೆ. ಅವರ ಮನೆಯ ಗೋಡೆಯ ಮೇಲೆ ಅಕ್ಕಮಹಾದೇವಿಯ ಪಟವೂ ಇರುತ್ತದೆ. ಹರಿಹರನ ರಗಳೆಯಲ್ಲಿ ಅಕ್ಕ ಕೌಶಿಕ ರಾಜನಿಗೆ ಷರತ್ತುಗಳನ್ನು ಹಾಕಿಯೇ ಒಲ್ಲದ ಮದುವೆಗೆ ಒಪ್ಪುತ್ತಾಳೆ. ಅವನು ಮಾತು ಮುರಿದಾಗ ಅರಮನೆಯನ್ನೇ ಬಿಟ್ಟು ನಡೆಯುತ್ತಾಳೆ. ತನ್ನ ಮೈಯ ಬಳಿ ಬರುವವನು ತನ್ನ ಮಾತಿಗೆ ಒಳಪಟ್ಟು ಬರಬೇಕೆಂದ ಹೆಣ್ಣನ್ನು ನಾವು ಕಲ್ಯಾಣದ ನಾಡಿನವರು ಎಂಟು ಶತಮಾನಗಳಿಂದ ಕೈಮುಗಿದು ಪೂಜಿಸಿದ್ದೇವೆ. ನಮ್ಮ ಮನೆಯ ಸೊಸೆ ಕೇಳುತ್ತಿರುವುದು ಅದರ ಒಂದು ಅಂಶವನ್ನೂ ಅಲ್ಲ. ಆಕೆ ಮನೆ ಬಿಡುತ್ತೇನೆ ಎನ್ನುತ್ತಿಲ್ಲ. ಸಂಸಾರದಲ್ಲೇ ಇದ್ದು, ರೋಗವಿಲ್ಲದೆ, ಮಕ್ಕಳ ಮದುವೆ ನೋಡುವವರೆಗೆ ಬದುಕುತ್ತೇನೆ ಎನ್ನುತ್ತಿದ್ದಾಳೆ. ಕಾನೂನು ಕೂಡ ಇಲ್ಲಿ ಆಕೆಯ ಬೆನ್ನಿಗೆ ಗಟ್ಟಿಯಾಗಿ ನಿಂತಿಲ್ಲ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಹೆಂಡತಿಯ ಮೇಲಿನ ಅತ್ಯಾಚಾರದ ಆರೋಪ ಹೊತ್ತ ಗಂಡನ ಮೇಲಿನ ಮೊಕದ್ದಮೆಯನ್ನು ಕೈಬಿಡಲು ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ಅದಕ್ಕೆ ತಡೆ ಬಂತು. ಗಂಡನಿಗೆ ಇರುವ ವಿನಾಯಿತಿ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೆಯೇ ಕೂತಿದೆ. ಬೇಡ ಎನ್ನುವ ಹಕ್ಕನ್ನೇ ಪೂರ್ತಿ ಕೊಡದ ವ್ಯವಸ್ಥೆ, ರಕ್ಷಣೆ ಇಟ್ಟುಕೊಳ್ಳುವ ಸಾಧನವನ್ನಾದರೂ ಕೈಗೆಟುಕುವಂತೆ ಇಡಬೇಡವೆ?

ಇಟ್ಟಿಲ್ಲ. 2011ರಿಂದ ಆಶಾ ಕಾರ್ಯಕರ್ತೆಯರು ಗರ್ಭನಿರೋಧಕಗಳನ್ನು ಮನೆಬಾಗಿಲಿಗೆ ತಲುಪಿಸುವ ಯೋಜನೆ ಇದೆ. ಒಂದು ರೂಪಾಯಿಗೆ ಮೂರು ಕಾಂಡೋಮ್, ಒಂದು ರೂಪಾಯಿಗೆ ಒಂದು ತಿಂಗಳ ಮಾತ್ರೆ ಎಂದು ಅದು ಶುರುವಾಯಿತು. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಮಹಿಳಾ ಕಾಂಡೋಮಿಗೆ ಜಾಗ ಸಿಗಲಿಲ್ಲ. 2007ರ ನಂತರ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಕೆಲವು ರಾಜ್ಯಗಳಲ್ಲಿ, ನಮ್ಮ ಗಡಿಗೆ ಹತ್ತಿದ ಆಗಿನ ಆಂಧ್ರದಲ್ಲೂ, ಇದನ್ನು ಲೈಂಗಿಕ ವೃತ್ತಿಯ ಮಹಿಳೆಯರಿಗೆ ಕಡಿಮೆ ಬೆಲೆಗೆ ತಲುಪಿಸಿತು. ಅವರು ಅದನ್ನು ಕಲಿತರು, ಒಬ್ಬರಿಗೊಬ್ಬರು ಕಲಿಸಿದರು. ಗಿರಾಕಿ ಕಾಂಡೋಮ್ ಒಲ್ಲೆ ಎಂದರೂ ತಮ್ಮ ಕೈಯಲ್ಲಿ ಒಂದು ದಾರಿ ಇದೆ ಎಂದು ಕಂಡುಕೊಂಡರು. ಈ ವಿದ್ಯೆಯಲ್ಲಿ ನಮ್ಮ ಗೃಹಿಣಿಯರಿಗೆ ಗುರುಗಳಾಗಬಲ್ಲವರು ಅವರೇ ಎಂದರೆ ಎಷ್ಟು ಜನಕ್ಕೆ ಸಿಟ್ಟು ಬಂದೀತೋ. ಆದರೂ ನಿಜ ನಿಜವೇ. ಅದೇ ವಸ್ತುವನ್ನು ಅವರಿಗಷ್ಟೇ ಸೀಮಿತ ಮಾಡಿದ್ದರಿಂದ ಇನ್ನೊಂದು ತೊಡಕೂ ಆಯಿತು. ಇದು 'ಅಂಥವರು' ಬಳಸುವುದು ಎಂಬ ಮುದ್ರೆ ಬಿದ್ದರೆ ಸಂಸಾರಸ್ಥೆ ಅದನ್ನು ಮುಟ್ಟಲು ನೂರು ಸಲ ಯೋಚಿಸುತ್ತಾಳೆ.

ವಸ್ತು ಸಿಗದ ಊರೂ ಅಲ್ಲ ನಮ್ಮದು. ನಾಸಿಕದ ಬಳಿಯ ಸಿನ್ನರ್‌ನಲ್ಲಿ ಕ್ಯೂಪಿಡ್ ಕಂಪನಿ ಮಹಿಳಾ ಕಾಂಡೋಮನ್ನು ತಯಾರಿಸುತ್ತದೆ. 2012ರಲ್ಲೇ ಅದಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅಲ್ಲಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತದೆ, ಅಲ್ಲಿಯ ಸರಕಾರ ತನ್ನ ದವಾಖಾನೆಗಳಲ್ಲಿ ಹೆಣ್ಣುಮಕ್ಕಳಿಗೆ ಮಹಿಳಾ ಕಾಂಡೋಮನ್ನು ಪುಕ್ಕಟೆ ಹಂಚುತ್ತದೆ. ಪಕ್ಕದ ರಾಜ್ಯದಲ್ಲಿ ಆದದ್ದು ಸಮುದ್ರ ದಾಟಿ ಹೋಗುವಾಗ ಶಹಾಬಾದಿನ ಔಷಧಿ ಅಂಗಡಿಗೆ, ಚಿಂಚೋಳಿಯ ಉಪಕೇಂದ್ರಕ್ಕೆ ಬರಲು ದೂರವೇನೂ ಇಲ್ಲ. ಬೇಕು ಎಂದು ಕೇಳುವವರು ಇಲ್ಲ ಎಂದು ಅಧಿಕಾರಿಗಳು ಹೇಳಬಹುದು. ಕೇಳಿದವಳನ್ನೇ ಅನುಮಾನಿಸುವ ಊರಲ್ಲಿ ಒಬ್ಬೊಬ್ಬಳೇ ಹೋಗಿ ಹೇಗೆ ಕೇಳಿಯಾಳು?

ಜಿಂಬಾಬ್ವೆಯ ಹೆಣ್ಣುಮಕ್ಕಳು ಇದಕ್ಕೊಂದು ಉತ್ತರ ಕಂಡುಕೊಂಡಿದ್ದರು. 1990ರ ದಶಕದಲ್ಲಿ ಸುಮಾರು 30,000 ಮಹಿಳೆಯರು ಸಹಿ ಹಾಕಿ, ಮಹಿಳಾ ಕಾಂಡೋಮ್ ತರಿಸಿಕೊಡಿ ಎಂದು ಸರಕಾರಕ್ಕೆ ಮನವಿ ಕೊಟ್ಟರು. 1997ರಲ್ಲಿ ಅದು ಅಲ್ಲಿ ಮಾರಾಟಕ್ಕೆ ಬಂತು. ಮುಂದೆ ಅಲ್ಲಿಯ ಹೆಂಗಸರ ಕೇಶಾಲಂಕಾರದ ಅಂಗಡಿಗಳಲ್ಲೇ ಅದನ್ನು ತೋರಿಸಿ, ಕಲಿಸಿ, ಮಾರಿದರು. ಹೆರಳು ಹಾಕಿಸಿಕೊಳ್ಳಲು ತಾಸುಗಟ್ಟಲೆ ಕೂತ ಹೆಂಗಸರಿಗೆ ಗಂಡಸರ ಕಿವಿಯಿಲ್ಲದ ಜಾಗ ಅದು.

ನಮ್ಮಲ್ಲೂ ಅಂಥ ಜಾಗಗಳಿಗೆ ಕೊರತೆಯಿಲ್ಲ. ಕುಪ್ಪಸ ಹೊಲಿಯುವವಳ ಮನೆ, ಬಳೆ ಅಂಗಡಿ, ವಾರದ ಸ್ವಸಹಾಯ ಸಂಘದ ಸಭೆ. ಇವುಗಳಿಗಿಂತ ಹೆಚ್ಚಿನ ಬಲವುಳ್ಳದ್ದು ಗ್ರಾಮ ಪಂಚಾಯತಿಯ ಮಹಿಳಾ ಗ್ರಾಮ ಸಭೆ. ಎಷ್ಟೋ ಕಡೆ ಅದು ಸಹಿ ಹಾಕಿ ಚಹಾ ಕುಡಿದು ಏಳುವ ಸಭೆಯಾಗಿದೆ. ಈ ವರ್ಷದ ಸಭೆಯಲ್ಲಿ ಸೇಡಂ ತಾಲೂಕಿನ ಒಂದು ಪಂಚಾಯತಿಯ ಹೆಣ್ಣುಮಕ್ಕಳಾದರೂ ಠರಾವು ಬರೆಸಲಿ: ನಮ್ಮ ಉಪಕೇಂದ್ರದಲ್ಲಿ ಕಬ್ಬಿಣದ ಮಾತ್ರೆ ಇಡುವ ಮೇಜಿನ ಮೇಲೆಯೇ ಮಹಿಳಾ ಕಾಂಡೋಮ್ ಇರಬೇಕು, ಆಶಾ ಅಕ್ಕನ ಚೀಲದಲ್ಲೂ ಇರಬೇಕು, ಪುಕ್ಕಟೆ ಸಿಗಬೇಕು, ಹಾಕಿಕೊಳ್ಳುವುದನ್ನು ನರ್ಸಕ್ಕ ತೋರಿಸಿಕೊಡಬೇಕು, ಒಯ್ಯುವವಳನ್ನು ಯಾಕೆ ಎಂದು ಯಾರೂ ಕೇಳಬಾರದು. ಸಭೆಯ ಹೆಣ್ಣುಮಕ್ಕಳೆಲ್ಲ ಸಹಿ ಹಾಕಿದ ಠರಾವಿನಲ್ಲಿ ಯಾವ ಗಂಡನ ಹೆಸರೂ ಬರುವುದಿಲ್ಲ, ಯಾವ ಹೆಂಡತಿಯೂ ತನ್ನ ಕಾರಣ ಹೇಳಬೇಕಿಲ್ಲ. ಅದರ ಒಂದು ಪ್ರತಿ ತಾಲೂಕು ಆರೋಗ್ಯಾಧಿಕಾರಿಗೆ ಹೋಗಲಿ, ಇನ್ನೊಂದು ಕಲಬುರಗಿಯ ಜಿಲ್ಲಾ ಪಂಚಾಯತಿಗೆ. ವಾಡಿ, ಶಹಾಬಾದಿನಂಥ ಪಟ್ಟಣಗಳಲ್ಲಿ ಗ್ರಾಮ ಸಭೆ ಇಲ್ಲ; ಅಲ್ಲಿ ಸಂಘಗಳ ಹೆಣ್ಣುಮಕ್ಕಳು ಅರ್ಜಿ ಹಿಡಿದು ತಮ್ಮ ವಾರ್ಡಿನ ಸದಸ್ಯರ ಮನೆಗೆ ಗುಂಪಾಗಿ ಹೋಗಬೇಕಾಗುತ್ತದೆ.